ಮುಂಬೈಲಿ ಎನ್‌ಐಸಿಯು (ನವಜಾತ ಶಿಶುಗಳ ಐಸಿಯು) ಹುಡುಕ್ತಿರೋರಿಗೆ: ನಮ್ಮ ಮಗಳಿದ್ದ ಆಸ್ಪತ್ರೆ ಬಗ್ಗೆ

ನಾಲ್ಕು ಸ್ಟಾರ್ ಕೊಡ್ತಿದೀನಿ, ಒಂದು ಯಾಕೆ ಕಮ್ಮಿ ಅಂತ ಕೆಳಗೆ ಬರ್ದಿದೀನಿ. ಎನ್‌ಐಸಿಯು ಅಂದಾಗ ಎಲ್ರೂ ವೆಂಟಿಲೇಟರ್ ಇದ್ಯಾ, ದಿನಕ್ಕೆ ಎಷ್ಟು ಚಾರ್ಜು, ಡಾಕ್ಟರ್ ಯಾರು ಅಂತ ಕೇಳ್ತಾರೆ, ಕೇಳ್ಲೇಬೇಕು. ಅದ್ರ ಜೊತೆ ಅಪ್ಪ ಅಮ್ಮನ್ನ ಒಳಗೆ ಎಷ್ಟು ಹೊತ್ತು ಬಿಡ್ತೀರಿ, ಮಗೂನ ಎದೆ ಮೇಲೆ ಮಲಗಿಸ್ಕೊಳ್ಳೋಕೆ ಯಾವಾಗಿಂದ ಕೊಡ್ತೀರಿ ಅಂತಾನೂ ಕೇಳಿ. ಈ ಆಸ್ಪತ್ರೆಗೆ ನಾನು ಕೊಡೋ ಮಾರ್ಕ್ಸ್ ಮುಕ್ಕಾಲು ಪಾಲು ಅದಕ್ಕೇನೆ.

ನಂಗೆ ಬಿಪಿ ಏರಿ 30ನೇ ವಾರಕ್ಕೇ ಸಿಸೇರಿಯನ್ ಮಾಡ್ಬೇಕಾಯ್ತು, ಮಗಳು 1,250 ಗ್ರಾಂ. ಹೆರಿಗೆ ಆಗಿದ್ದು ಡೊಂಬಿವಿಲಿಲಿ ಮನೆ ಹತ್ರದ ನರ್ಸಿಂಗ್ ಹೋಮಲ್ಲಿ, ಅಲ್ಲಿ ಇನ್ಫೆಕ್ಷನ್ ಆಗುತ್ತೆ ಅಂತ ನಂಗೆ ಮಗು ಮುಖಾನೂ ಸರಿಯಾಗಿ ತೋರಿಸ್ದೆ ಆಂಬುಲೆನ್ಸಲ್ಲಿ ಇಲ್ಲಿಗೆ ಕಳ್ಸಿಬಿಟ್ರು, ನಾನು ಹೊಲಿಗೆ ಹಾಕಿಸ್ಕೊಂಡು ಅಲ್ಲೇ, ಮಗು ಇಲ್ಲಿ. ಆ ಸಂಕಟ ಅನುಭವಿಸಿದೋರಿಗೇ ಗೊತ್ತು.

ಇಲ್ಲಿ ಬಂದ ದಿನಾನೇ ನಮ್ಮೋರನ್ನ ಒಳಗೆ ಕರೆದ್ರು. ಉಂಗುರ, ವಾಚು, ಕೈಯಲ್ಲಿದ್ದ ದಾರ ಎಲ್ಲಾ ತೆಗೆಸಿ, ಮೊಣಕೈವರೆಗೂ ಸೋಪ್ ಹಾಕಿ ತೊಳೆಸಿ, ಗೌನ್ ಹಾಕ್ಸಿ, ಆಮೇಲೆ ಸಿಸ್ಟರ್ ಹೇಳಿಕೊಟ್ರಂತೆ, ಸವರಬೇಡಿ, ಒಂದು ಕೈ ತಲೆಗೆ ಒಂದು ಕೈ ಪಾದಕ್ಕೆ ಹಾಗೇ ಕದಲಿಸ್ದೆ ಇಟ್ಕೊಳ್ಳಿ ಅಂತ. ಇಷ್ಟು ಬೇಗ ಹುಟ್ಟಿದ ಮಕ್ಕಳಿಗೆ ಮೆಲ್ಲಗೆ ಸವರೋದೂ ಕಿರಿಕಿರಿ ಆಗ್ಬಹುದಂತೆ, ಬೆರಳೆಲ್ಲಾ ಅಗಲಿಸಿ ಕೈ ಚಾಚಿದ್ರೆ, ಬಣ್ಣ ಬದಲಾದ್ರೆ, ಬಿಕ್ಕಳಿಸಿದ್ರೆ ಸಾಕು ಬಿಡಿ ಅಂತ ಅರ್ಥವಂತೆ. ಇದನ್ನೆಲ್ಲಾ ನಮ್ಮೋರು ಫೋನಲ್ಲಿ ಹೇಳ್ತಿದ್ರೆ ನಾನು ಕೇಳ್ತಾ ಅತ್ತುಬಿಟ್ಟೆ.

ಹಾಲಿನ ವಿಷಯದಲ್ಲಿ ಇವ್ರಿಗೆ ಕೈ ಮುಗೀಬೇಕು. ಎರಡು ಮೂರು ಗಂಟೆಗೊಮ್ಮೆ ಹಿಂಡಿ ತೆಗೀರಿ, ನಾಲ್ಕು ಹನಿ ಬಂದ್ರೂ ಚೆಲ್ಲಬೇಡಿ ಅಂತ ನಂಗೇ ಫೋನ್ ಮಾಡಿ ಹೇಳಿದ್ರು. ನಮ್ಮೋರು ಐಸ್ ಬಾಕ್ಸ್ ಹಿಡ್ಕೊಂಡು ಲೋಕಲ್‌ನಲ್ಲಿ ತಂದುಕೊಡ್ತಿದ್ರು, ಇಲ್ಲಿ ಆ ಹನಿಗಳನ್ನೇ ಸಿರಿಂಜಲ್ಲಿ ಮಗು ಬಾಯಿಗೆ ಸವರ್ತಿದ್ರು. ನನ್ನ ಹಾಲು ಸಾಕಾಗೋವರೆಗೆ ಬೇರೆ ತಾಯಂದಿರು ದಾನ ಕೊಟ್ಟ ಹಾಲು ಕೊಡೋಕೆ ನಮ್ಮ ಒಪ್ಪಿಗೆ ಕೇಳಿದ್ರು. ಅತ್ತೆ ಕುಂದಾಪುರದಿಂದ ಬಂದಿದ್ರು, ಯಾರದ್ದೋ ಹಾಲಾ ಅಂತ ಗಾಬರಿ. ಇದು ಮುಂಬೈಗೆ ಹೊಸದೇನಲ್ಲಮ್ಮ, ಸಾಯನ್ ಆಸ್ಪತ್ರೆಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲೇ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ಶುರು ಮಾಡಿದ್ರು, ಕೊಡೋ ತಾಯಿಗೆ ರಕ್ತ ಪರೀಕ್ಷೆ ಮಾಡ್ತಾರೆ, ಹಾಲನ್ನ 62.5 ಡಿಗ್ರಿಲಿ ಅರ್ಧ ಗಂಟೆ ಕಾಯಿಸ್ತಾರೆ ಅಂತ ಕುಮಟಾ ಕಡೆ ಸಿಸ್ಟರ್ ಒಬ್ರು ಕನ್ನಡದಲ್ಲೇ ಕೂತು ಹೇಳಿದ್ಮೇಲೆ ಅತ್ತೆ ಸಮಾಧಾನ ಆದ್ರು.

ನಾನು ಡಿಸ್ಚಾರ್ಜ್ ಆಗಿ ಬಂದ ದಿನ ಮಗಳಿಗೆ ಸಿಪ್ಯಾಪ್ (ಮೂಗಿನ ಮೂಲಕ ಗಾಳಿ ಒತ್ತಿ ಉಸಿರಾಟಕ್ಕೆ ಸಹಾಯ ಮಾಡೋ ಯಂತ್ರ) ಇನ್ನೂ ಇತ್ತು, ಮೂಗಿಗೆ ಪೈಪು, ಬಾಯಿಗೆ ಟ್ಯೂಬು. ಇಷ್ಟೆಲ್ಲಾ ಇದ್ದಾಗ ಎತ್ಕೊಳ್ಳೋಕೆ ಕೊಡಲ್ಲ ಅಂದ್ಕೊಂಡಿದ್ದೆ. ಸಿಸ್ಟರ್ ಕುರ್ಚಿ ಎಳೆದು, ಮುಂದೆ ಬಟನ್ ಇರೋ ಗೌನ್ ಕೊಟ್ಟು, ಟೊಪ್ಪಿ ಡೈಪರ್ ಅಷ್ಟೇ ಹಾಕಿದ್ದ ಮಗೂನ ನನ್ನ ಎದೆ ಮಧ್ಯೆ ಕಪ್ಪೆ ಥರ ಕೂರ್ಸಿ ಬಟ್ಟೆ ಕಟ್ಟಿದ್ರು. ಕಾಂಗರೂ ಕೇರ್ ಅಂತಾರೆ, 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೇ ಇದ್ದಾಗ ಶುರುವಾಗಿದ್ದು, ಈಗ ಡಬ್ಲ್ಯುಎಚ್ಒ 2022ರ ಸಲಹೆ ಪ್ರಕಾರ ಹುಟ್ಟಿದ ಕೂಡ್ಲೇ ಶುರು ಮಾಡಿ ದಿನಕ್ಕೆ 8ರಿಂದ 24 ಗಂಟೆ ಕೊಡ್ಬೇಕು. ಮಾನಿಟರ್ ಕೂಗಿದ್ರೆ ನಂಗೆ ಜೀವ ಹೋಗೋದು, ಹೆಚ್ಚಿನ ಸಲ ಮಗು ಕಾಲಿಗೆ ಕಟ್ಟಿದ ಆಕ್ಸಿಜನ್ ಅಳೆಯೋ ಪ್ರೋಬ್ ಸಡಿಲ ಆಗಿರೋದು, ಸಿಸ್ಟರ್ ಬಂದು ಮೊದ್ಲು ಮಗು ಬಣ್ಣ ನೋಡಿ ಆಮೇಲೆ ಪ್ರೋಬ್ ಸರಿ ಮಾಡೋರು. ಎದೆ ಮೇಲೆ ಇದ್ದಾಗ ಅವ್ಳ ಉಸಿರು ನಿಧಾನಕ್ಕೆ ಸಮ ಆಗೋದು ನಂಗೇ ಗೊತ್ತಾಗ್ತಿತ್ತು. ಸಂಜೆ ಆಫೀಸಿಂದ ಬಂದು ನಮ್ಮೋರೂ ಶರ್ಟ್ ಬಿಚ್ಚಿ ಕೂರ್ತಿದ್ರು, ಅಪ್ಪಂದಿರಿಗೆ ಯಾರೂ ಬೇಡ ಅನ್ಲಿಲ್ಲ. ಇದು ನನ್ನ ಮಗು ಅಂತ ಮೈಗೆ ಗೊತ್ತಾಗಿದ್ದು ನಂಗೆ ಆ ಕುರ್ಚಿಲೇ.

ಗರ್ಭದ ಲೆಕ್ಕದಲ್ಲಿ 34 ವಾರ ಆಗ್ತಾ ಬಂದ ಹಾಗೆ ಚೀಪೋಕೆ ಶುರು ಮಾಡಿದ್ಲು. ಒಳಲೆಲಿ ಕುಡಿಸೋದನ್ನ ನನ್ನ ಕೈಲೇ ಮಾಡ್ಸಿದ್ರು, ಅತ್ತೆ ತಂದ ಬೆಳ್ಳಿ ಒಳಲೆ ಬೇಡ, ಇಲ್ಲಿ ಕುದಿಸಿಟ್ಟ ಸ್ಟೀಲಿಂದೇ ಆಗ್ಲಿ ಅಂದ್ರು.

ಕಮ್ಮಿ ಆದ ಸ್ಟಾರ್ ಬಗ್ಗೆ. ಒರಗೋ ಕುರ್ಚಿ ಎರಡೇ ಇರೋದು, ಹೊಲಿಗೆ ನೋವಲ್ಲಿ ತಾಯಂದಿರು ಪಾಳಿ ಕಾಯ್ಬೇಕು. ರಾತ್ರಿ ತಾಯಿ ಉಳ್ಕೊಳ್ಳೋಕೆ ಜಾಗ ಇಲ್ಲ, ಎಂಟು ಗಂಟೆ ಕಾಂಗರೂ ಕೇರ್ ಆಗೋದು ಹೇಗೆ ಹೇಳಿ? ಇದನ್ನ ಮ್ಯಾನೇಜ್‌ಮೆಂಟ್‌ನೋರು ಸರಿ ಮಾಡ್ಲೇಬೇಕು. ಫಾರ್ಮಸಿ ಬಿಲ್ಲೂ ದಿನಾ ಕೇಳಿ ತಗೊಳ್ಳಿ, ಕೊನೇಲಿ ಒಟ್ಟಿಗೆ ನೋಡಿದ್ರೆ ಏನೂ ಅರ್ಥ ಆಗಲ್ಲ.

ಕಣ್ಣಿನ ಆರ್‌ಒಪಿ (ಬೇಗ ಹುಟ್ಟಿದ ಮಕ್ಕಳಿಗೆ ಬರೋ ರೆಟಿನಾ ತೊಂದ್ರೆ) ಪರೀಕ್ಷೆನ ತಿಂಗಳು ತುಂಬೋದ್ರೊಳಗೆ ಅಲ್ಲೇ ಮಾಡಿದ್ರು, ಕಿವಿ ಪರೀಕ್ಷೆನೂ ಆಯ್ತು. ಬೇರೆ ಕಡೆ ಇರೋರು ಇವೆರಡನ್ನೂ ನೀವೇ ನೆನಪಿಸಿ ಮಾಡಿಸ್ಕೊಳ್ಳಿ, ಕಣ್ಣಿಂದು ತಡ ಆದ್ರೆ ದೃಷ್ಟಿಗೇ ತೊಂದ್ರೆ. ಫಾಲೋಅಪ್‌ಗೆ ಹೋಗೋರು ಬೆಳಿಗ್ಗೆ ಬೇಗ ಟೋಕನ್ ತಗೊಳ್ಳಿ, ಮಗೂಗೆ ಒಂದು ಹೊದಿಕೆ ಜಾಸ್ತಿ ಇರ್ಲಿ, ಕಾಯೋ ಕೋಣೇಲಿ ಎಸಿ ತುಂಬಾ ತಣ್ಣಗಿರುತ್ತೆ.