ಹೊಲಿಗೆ ಯಂತ್ರದ ಮೋಟಾರು ಬಿಸಿಯಾದರೆ ಮೊದಲು ಬೆಲ್ಟ್ ಕಳಚಿ ನೋಡಿ

ಅತ್ತೆಯವರಿಂದ ನನಗೆ ಬಂದ ಸಿಂಗರ್ 99ಕೆ ಹೊಲಿಗೆ ಯಂತ್ರದ ಮೂಲ ಮೋಟಾರನ್ನು ಕಳೆದ ನವರಾತ್ರಿಯ ಹಿಂದಿನ ಮೂರು ವಾರಗಳಲ್ಲಿ ಕಳೆದುಕೊಂಡೆ. ಅದರಲ್ಲಿ ರಿಪೇರಿಯವರ ತಪ್ಪು ಎಷ್ಟಿದೆಯೋ ಅಷ್ಟೇ ತಪ್ಪು ನನ್ನದೂ ಇದೆ. ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಇಂಥ ಯಂತ್ರಗಳು ಇನ್ನೂ ಎಷ್ಟೋ ಮನೆಗಳ ಮೂಲೆಯಲ್ಲಿ ಇರುವುದರಿಂದ, ಹಬ್ಬದ ಹೊತ್ತಿಗೆ ಅವನ್ನು ಹೊರತೆಗೆಯುವವರಿಗಾಗಿ ನಡೆದದ್ದನ್ನು ಬರೆಯುತ್ತಿದ್ದೇನೆ.

99ಕೆ ಎಂಬ ಹೆಸರಿನಲ್ಲಿರುವ 'ಕೆ' ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಕಿಲ್ಬೋವಿ ಕಾರ್ಖಾನೆಯ ಗುರುತು. ಆ ಕಾರ್ಖಾನೆ 1980ರಲ್ಲೇ ಮುಚ್ಚಿತು. ಹಾಗಾಗಿ ಅಲ್ಲಿಂದ ಯಂತ್ರದೊಡನೆ ಬಂದ ಮೋಟಾರು ಒಮ್ಮೆ ಕೈಬಿಟ್ಟರೆ ಅಂಥದೇ ಇನ್ನೊಂದು ಹೊಸದಾಗಿ ಸಿಗುವ ಮಾತಿಲ್ಲ.

ರವಿಕೆಯೊಂದನ್ನು ಹೊಲಿಯುತ್ತಿದ್ದಾಗ, ಸುಮಾರು ಹತ್ತು ನಿಮಿಷಕ್ಕೆ ಮೋಟಾರಿನಿಂದ ಹಳೆಯ ವಾರ್ನಿಷ್ ಕಾದಂಥ ವಾಸನೆ ಬಂತು. ಮುಟ್ಟಿದರೆ ಬೆರಳು ತಟ್ಟನೆ ಹಿಂದೆ ಬರುವಷ್ಟು ಬಿಸಿ. ಯಂತ್ರದ ವೇಗವೂ ಕುಗ್ಗಿತ್ತು, ಪೆಡಲನ್ನು ಪೂರ್ತಿ ಒತ್ತಿದರೂ ಎಳೆದೆಳೆದು ಓಡುತ್ತಿತ್ತು. ಈ ಎರಡನೆಯ ಲಕ್ಷಣವನ್ನು ನಾನು ಗಮನಿಸಿದ್ದೆನಾದರೂ ಅಂಗಡಿಯಲ್ಲಿ ಹೇಳಲಿಲ್ಲ. ಮೋಟಾರು ಬಿಸಿಯಾಗುತ್ತದೆ ಎಂದಷ್ಟೇ ಹೇಳಿದೆ.

ಅಂಗಡಿಯವರು ಯಂತ್ರದ ಚಕ್ರವನ್ನು ಒಮ್ಮೆಯೂ ಕೈಯಿಂದ ತಿರುಗಿಸಿ ನೋಡಲಿಲ್ಲ. ಮೋಟಾರಿನ ಮೇಲಿದ್ದ ಎರಡು ಸಣ್ಣ ಕೊಳವೆಗಳ ತಿರುಪು ಬಿಚ್ಚಿ, ಎರಡಕ್ಕೂ ಧಾರಾಳವಾಗಿ ಮಿಷನ್ ಎಣ್ಣೆ ಬಿಟ್ಟರು, ಬೆಲ್ಟನ್ನು ವೀಣೆಯ ತಂತಿಯಂತೆ ಬಿಗಿದರು. "ಒಣಗ್ಹೋಗಿತ್ತು ಮೇಡಂ, ಇನ್ನೇನೂ ಆಗಲ್ಲ" ಎಂದು ಮುನ್ನೂರೈವತ್ತು ರೂಪಾಯಿ ತೆಗೆದುಕೊಂಡರು. ಎಣ್ಣೆ ಬಿಟ್ಟರೆ ಒಳ್ಳೆಯದೇ ಎಂದು ನಾನೂ ನಂಬಿದೆ.

ಆ ಕೊಳವೆಗಳು ಎಣ್ಣೆಗಾಗಿ ಇರುವುದಲ್ಲ, ಗ್ರೀಸಿಗಾಗಿ ಇರುವುದು. ಅದೂ ಸ್ವಲ್ಪ ಬಿಸಿಗೇ ಕರಗಿ ಒಳಗಿನ ಬತ್ತಿಯ ಮೂಲಕ ಬೇರಿಂಗಿಗೆ ತೊಟ್ಟುತೊಟ್ಟಾಗಿ ಇಳಿಯುವ, ವ್ಯಾಸಲೀನಿನ ಜಾತಿಯ ಮೆದು ಗ್ರೀಸು. ಗಾಡಿಗೆ ಹಾಕುವ ಲಿಥಿಯಂ ಗ್ರೀಸು ಆ ಬಿಸಿಗೆ ಕರಗುವುದೇ ಇಲ್ಲ, ಆದ್ದರಿಂದ ಬೇರಿಂಗು ಒಣಗುತ್ತದೆ. ತೆಳುವಾದ ಎಣ್ಣೆಯಾದರೆ ಬತ್ತಿಯಲ್ಲಿ ನಿಲ್ಲದೆ ಸೀದಾ ಕಮ್ಯುಟೇಟರಿನ, ಅಂದರೆ ಮೋಟಾರಿನ ದಂಡದೊಡನೆ ತಿರುಗುವ ತಾಮ್ರದ ಪಟ್ಟಿಗಳ ಉರುಳೆಯ ಮೇಲೆ ಹರಿಯುತ್ತದೆ. ಅಲ್ಲಿ ಆ ಪಟ್ಟಿಗಳಿಗೆ ತಾಗಿ ಕರೆಂಟ್ ಕೊಡುವ ಕಾರ್ಬನ್ ತುಂಡುಗಳು ಸವೆದು ಬಿದ್ದ ಕರಿಪುಡಿಯೊಂದಿಗೆ ಸೇರಿ ಕಾಡಿಗೆಯಂಥ ಅಂಟಾಗುತ್ತದೆ, ತಾಮ್ರದ ಪಟ್ಟಿಗಳ ನಡುವಿನ ಸಂದುಗಳನ್ನು ತುಂಬುತ್ತದೆ, ಬೇರೆ ಬೇರೆಯಾಗಿರಬೇಕಾದ ಪಟ್ಟಿಗಳ ನಡುವೆ ಕರೆಂಟ್ ಹರಿಯತೊಡಗುತ್ತದೆ. ಹಳೆಯ ವೈರುಗಳ ರಬ್ಬರ್ ಹೊದಿಕೆಯೂ ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗುತ್ತದೆ.

ಎರಡೇ ದಿನದಲ್ಲಿ ಹೊಗೆ ಬಂತು. ಕಾರ್ಬನ್ ತಾಗುವಲ್ಲಿ ಸಣ್ಣ ನೀಲಿ ಕಿಡಿ ಇರುವುದು ಸಹಜ. ನಾನು ಮೋಟಾರಿನ ಕಿಂಡಿಯಲ್ಲಿ ಕಂಡದ್ದು ಮಾತ್ರ ಕಮ್ಯುಟೇಟರಿನ ಸುತ್ತ ಬಳೆಯಂತೆ ಓಡುತ್ತಿದ್ದ ಬೆಂಕಿ. ಅದೇ ಅಂಗಡಿಗೆ ಮತ್ತೆ ಹೋದಾಗ ಬಂದ ಉತ್ತರ, "ಮೋಟಾರ್ ಸುಟ್ಟೋಗಿದೆ ಮೇಡಂ, ರಿವೈಂಡಿಂಗ್ ಮಾಡಿಸೋದಕ್ಕಿಂತ ಹೊಸದೇ ವಾಸಿ." ಹಬ್ಬ ಹತ್ತಿರವಿತ್ತು, ಒಪ್ಪಿದೆ. ಹಳೆಯ ಮೋಟಾರನ್ನು ಅಲ್ಲೇ ಬಿಟ್ಟು ಬಂದೆ.

ಹೊಸ ಮೋಟಾರೂ ಕಾಲು ಗಂಟೆಗೆ ಕೈ ಸುಡುವಂತಾಯಿತು.

ಆಗ ನಮ್ಮ ಬೀದಿಯ ಹಿರಿಯರೊಬ್ಬರನ್ನು ಕರೆದೆ. ಅವರು ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮೋಟಾರು ವೈಂಡಿಂಗ್, ಅಂದರೆ ಮೋಟಾರಿನೊಳಗೆ ತಾಮ್ರದ ತಂತಿ ಸುತ್ತುವ ಕೆಲಸ ಮಾಡಿ ನಿವೃತ್ತರಾದವರು. ಅವರು ಮಾಡಿದ ಮೊದಲ ಕೆಲಸ ಪ್ಲಗ್ಗನ್ನು ಗೋಡೆಯಿಂದ ಕಿತ್ತದ್ದು, ಎರಡನೆಯದು ಬೆಲ್ಟ್ ಕಳಚಿದ್ದು. ಬಳಿಕ ಯಂತ್ರದ ಚಕ್ರವನ್ನು ಎರಡು ಬೆರಳಿನಿಂದ ತಿರುಗಿಸಲು ನೋಡಿದರು. ಅದು ಗಟ್ಟಿ ಬೆಲ್ಲದ ಪಾಕದಲ್ಲಿ ಸೌಟು ಆಡಿಸಿದಂತೆ ತಡೆತಡೆದು ತಿರುಗಿತು. ಆಮೇಲೆ ಮೋಟಾರನ್ನಷ್ಟೇ ಐದು ನಿಮಿಷ ಓಡಿಸಿದರು, ಅದು ಉಗುರುಬೆಚ್ಚಗೂ ಆಗಲಿಲ್ಲ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಸಿದ್ದೀಯಲ್ಲಮ್ಮ" ಎಂದು ನಕ್ಕರು.

ಯಂತ್ರದೊಳಗೆ ಕಟ್ಟಿಕೊಂಡಿದ್ದದ್ದು ಕೊಬ್ಬರಿ ಎಣ್ಣೆ. ಅತ್ತೆಯವರು ಮಿಷನ್ ಎಣ್ಣೆ ಮುಗಿದಾಗಲೆಲ್ಲ ತಲೆಗೆ ಹಚ್ಚುವ ಎಣ್ಣೆಯನ್ನೇ ಬಿಡುತ್ತಿದ್ದರು. ಅದು ವರ್ಷಗಟ್ಟಲೆ ನಿಂತು, ಧೂಳು ಹೀರಿ, ಜೇನುಮೇಣದ ಬಣ್ಣದ ಅಂಟಾಗಿತ್ತು. ಚಕ್ರದ ಹಿಂಬದಿಯ ದಂಡಕ್ಕೆ ಕೆಂಪು ದಾರವೊಂದು ಹತ್ತಾರು ಸುತ್ತು ಬಿಗಿದುಕೊಂಡದ್ದೂ ಚಕ್ರ ಬಿಚ್ಚಿದಾಗ ಕಂಡಿತು. ಬಾಬಿನ್ ಸುತ್ತುವಾಗ ಜಾರಿದ ದಾರವಿರಬೇಕು.

ಬಿಗಿದ ಯಂತ್ರ ಮೋಟಾರನ್ನು ಹೇಗೆ ಸುಡುತ್ತದೆ ಎಂಬುದನ್ನು ಅವರು ಮಿಕ್ಸಿಯ ಉದಾಹರಣೆಯಿಂದ ತಿಳಿಸಿದರು. ಎರಡರಲ್ಲೂ ಇರುವುದು ಒಂದೇ ಜಾತಿಯ ಯುನಿವರ್ಸಲ್ ಮೋಟಾರು. ಅದು ವೇಗವಾಗಿ ತಿರುಗಿದಷ್ಟೂ ತನ್ನೊಳಗೇ ಎದುರು ವೋಲ್ಟೇಜ್ ಹುಟ್ಟಿಸಿಕೊಂಡು ಕರೆಂಟನ್ನು ತಡೆಯುತ್ತದೆ. ಭಾರ ಹೆಚ್ಚಿ ವೇಗ ಇಳಿದಾಗ ಆ ತಡೆ ಕುಗ್ಗುತ್ತದೆ, ಕರೆಂಟ್ ಏರುತ್ತದೆ, ಕರೆಂಟ್ ಎರಡು ಪಟ್ಟಾದರೆ ಕಾಯಿಲಿನ ಬಿಸಿ ನಾಲ್ಕು ಪಟ್ಟಾಗುತ್ತದೆ. ಗಟ್ಟಿ ಚಟ್ನಿಯನ್ನು ನೀರಿಲ್ಲದೆ ರುಬ್ಬಿದಾಗ ಮಿಕ್ಸಿಯಿಂದ ವಾಸನೆ ಬರುವುದೂ ಇದಕ್ಕೇ. ಪೆಡಲ್ ಅರ್ಧ ಒತ್ತಿಯೂ ಯಂತ್ರ ಕದಲದೆ ಬರೀ ಗುಂಯ್‌ಗುಡುತ್ತಿದ್ದರೆ ತಕ್ಷಣ ಕಾಲು ತೆಗೆಯಬೇಕು, ಏಕೆಂದರೆ ಮೋಟಾರು ಎಲ್ಲಕ್ಕಿಂತ ಬೇಗ ಸುಡುವುದು ಆಗಲೇ.

ಮುಂದಿನ ಕೆಲಸ ಸಂಜೆಯಿಂದ ಮರುದಿನದವರೆಗೆ ನಡೆಯಿತು. ಚಲಿಸುವ ಪ್ರತಿಯೊಂದು ಕೀಲಿಗೂ ಒಂದೆರಡು ತೊಟ್ಟು ಸೀಮೆಎಣ್ಣೆ ಬಿಟ್ಟು, ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಿಗ್ಗೆ ಚಕ್ರವನ್ನು ಕೈಯಿಂದಲೇ ಹಿಂದೆಮುಂದೆ ತಿರುಗಿಸಿದೆವು. ಕಂದು ಬಣ್ಣದ ರಸ ಇಳಿಯುತ್ತಲೇ ಇತ್ತು, ಹಳೆಯ ಪಂಚೆಯೊಂದು ಪೂರ್ತಿ ಹಾಳಾಯಿತು. ಸೀಮೆಎಣ್ಣೆ ಕೊಳೆಯನ್ನು ಕರಗಿಸುತ್ತದೆಯೇ ಹೊರತು ಸವೆತವನ್ನು ತಡೆಯುವುದಿಲ್ಲವಾದ್ದರಿಂದ, ಅದನ್ನು ಚೆನ್ನಾಗಿ ಒರೆಸಿದ ಮೇಲೆ ಮಿಷನ್ ಎಣ್ಣೆ ಬಿಡಲೇಬೇಕು. ಸೀಮೆಎಣ್ಣೆ ಮೋಟಾರಿಗೆ ತಾಗಬಾರದು, ವಾಸನೆ ಪೂರ್ತಿ ಹೋಗುವವರೆಗೆ ಪ್ಲಗ್ ಹಾಕಲೂಬಾರದು. ಬೆಲ್ಟನ್ನು ಮಧ್ಯದಲ್ಲಿ ಒತ್ತಿದರೆ ಸುಮಾರು ಅರ್ಧ ಅಂಗುಲ ತಗ್ಗುವಷ್ಟು ಸಡಿಲಿಸಿದೆವು. ಬಿಗಿದ ಬೆಲ್ಟು ಮೋಟಾರಿನ ಬೇರಿಂಗನ್ನು ಒಂದೇ ಪಕ್ಕಕ್ಕೆ ಎಳೆಯುತ್ತಿರುತ್ತದೆ, ಅದೂ ಬಿಸಿಗೆ ಕಾರಣವೇ. ಈಗ ಅದೇ ಹೊಸ ಮೋಟಾರು ಅರ್ಧ ಗಂಟೆ ಓಡಿದರೂ, ಅದರ ಮೇಲೆ ಕೈಯಿಟ್ಟು ನಿಧಾನವಾಗಿ ಹತ್ತು ಎಣಿಸಬಹುದು.

ವಿದೇಶದಿಂದ ಯಂತ್ರ ತರಿಸಿಕೊಳ್ಳುವವರಿಗೂ ಒಂದು ಮಾತು ಹೇಳಬೇಕು. ಅಮೆರಿಕದ ಯಂತ್ರಗಳ ಮೋಟಾರು 110 ವೋಲ್ಟಿನದು, ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಪಿನ್ನಿನ ಆಕಾರ ಬದಲಿಸುವ ಅಡಾಪ್ಟರು ವೋಲ್ಟೇಜನ್ನು ಇಳಿಸುವುದಿಲ್ಲ, ಅದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರೇ ಬೇಕು. ಕರೆಂಟಿನ ಆವರ್ತನ ಅಲ್ಲಿ 60 ಹರ್ಟ್ಸ್ ಇದ್ದದ್ದು ಇಲ್ಲಿ 50 ಆಗುವುದರಿಂದ ಯುನಿವರ್ಸಲ್ ಮೋಟಾರಿಗೆ ತೊಂದರೆಯಿಲ್ಲ.

ಅಂಗಡಿಗೆ ಕೊಡಲೇಬೇಕಾದರೆ, ಬೆಲ್ಟ್ ಕಳಚಿದಾಗ ಮೋಟಾರು ಹೇಗಿತ್ತು, ಚಕ್ರ ಹೇಗಿತ್ತು ಎಂಬುದನ್ನು ಮನೆಯಲ್ಲೇ ನೋಡಿಕೊಂಡು ಹೋಗಿ ಹೇಳಿ. ಕಾರ್ಬನ್ ಕಾಲು ಅಂಗುಲಕ್ಕಿಂತ ಗಿಡ್ಡವಾಗಿದ್ದರೆ ಬದಲಿಸಲು ಒಪ್ಪಿ, ಇನ್ನೂ ಉದ್ದವಿದ್ದರೆ ತೆಗೆದ ಮಗ್ಗುಲಿಗೇ, ತೆಗೆದ ದಿಕ್ಕಿಗೇ ಮತ್ತೆ ಕೂರಿಸಲು ಹೇಳಿ. ಬದಲಿಸಿದ ಹಳೆಯ ಭಾಗಗಳನ್ನು ಹಿಂದಿರುಗಿಸುವುದಾಗಿ ಚೀಟಿಯ ಮೇಲೆ ಬರೆಸಿಕೊಳ್ಳಿ. ನಮ್ಮ ಹಿರಿಯರು ಆ ಹಳೆಯ ಮೋಟಾರನ್ನು ತಂದರೆ ಬಿಚ್ಚಿ, ಸ್ಪಿರಿಟ್ಟಿನಿಂದ ತೊಳೆದು ನೋಡುತ್ತೇನೆ, ವೈಂಡಿಂಗ್ ಉಳಿದಿದ್ದರೂ ಉಳಿದಿರಬಹುದು ಎಂದಿದ್ದರು. ನಾನು ವಿಜಯದಶಮಿಯ ಮಾರನೆಯ ದಿನ ಅದನ್ನು ಕೇಳಲು ಆ ಅಂಗಡಿಗೆ ಹೋದೆ. ಆಯುಧಪೂಜೆಗೆ ಅಂಗಡಿ ತೊಳೆಯುವಾಗ ಅದನ್ನು ತಾಮ್ರದ ತೂಕಕ್ಕೆ ಗುಜರಿಗೆ ಹಾಕಿದ್ದಾಗಿ ಹೇಳಿದರು.