ಬೆರಳಿಗೆ ಕಪ್ಪು ಅಂಟಿತು, 1,650 ರೂಪಾಯಿ ಹೋಯಿತು

ಮಳೆಗಾಲದಲ್ಲಿ ಘಾಟಿ ಇಳಿಯುವವರು ದಯವಿಟ್ಟು ಓದಿ. ವೈಪರ್ ಬ್ಲೇಡ್ ವಿಷಯದಲ್ಲಿ ನನಗೆ ಸರಿಯಾಗಿ ಟೋಪಿ ಹಾಕಿದ್ದಾರೆ. ಹೇಳೋಕೆ ನಾಚಿಕೆ, ಆದರೂ ಹೇಳುತ್ತೇನೆ.

ಮಂಗಳೂರಿಗೆ ಹೊರಟಿದ್ದೆವು. ಹಾಸನದ ಹತ್ತಿರ ಒಂದು ಕಾರ್ ಆಕ್ಸೆಸರೀಸ್ ಅಂಗಡಿ ಮುಂದೆ ನಿಲ್ಲಿಸಿದೆ. ಬೇಕಿದ್ದದ್ದು ಮೊಬೈಲ್ ಹೋಲ್ಡರ್ ಮಾತ್ರ. ಅಂಗಡಿಯವನು ಹೊರಗೆ ಬಂದು ವೈಪರ್ ಎತ್ತಿ, ರಬ್ಬರ್ ಮೇಲೆ ಬೆರಳು ಎಳೆದು ತೋರಿಸಿದ. ಬೆರಳೆಲ್ಲ ಕಪ್ಪು. "ನೋಡಿ ಸಾರ್, ರಬ್ಬರ್ ಕರಗ್ತಾ ಇದೆ. ಇದ್ರಲ್ಲಿ ಶಿರಾಡಿ ಇಳೀತೀರಾ? ಮಕ್ಳು ಬೇರೆ ಇದಾರೆ." ಮಕ್ಕಳ ಮಾತು ಬಂದ ಮೇಲೆ ಚೌಕಾಸಿ ಮಾಡೋಕಾಗುತ್ತಾ? "ಸಿಲಿಕಾನ್" ಅಂತ ಹೇಳಿ, ಫ್ರೇಮ್ ಇಲ್ಲದ ಚಪ್ಪಟೆ ಬ್ಲೇಡ್ ಜೋಡಿ ಹಾಕಿದ. ಅದರ ಮೇಲೂ ಬೆರಳು ಎಳೆದ. ಕ್ಲೀನ್! ನಾನು ತಲೆಯಾಡಿಸಿದೆ. ಹಳೆಯದನ್ನು ಡಿಕ್ಕಿಗೆ ಹಾಕಿಸಿದ್ದು ನನ್ನ ಹೆಂಡತಿ, ಅವಳಿಗೆ ಪುಣ್ಯ ಬರಲಿ.

ಮಾರನಹಳ್ಳಿ ದಾಟಿದ್ದೇ ತಡ, ಮಳೆ. ಎದುರಿಗೆ ಸಾಲುಸಾಲು ಗ್ಯಾಸ್ ಟ್ಯಾಂಕರ್. ವೈಪರ್ ಹಾಕಿದರೆ ಟರ್ರ್ ಟರ್ರ್ ಅಂತ ಕುಪ್ಪಳಿಸುತ್ತಿದೆ! ಬಲಕ್ಕೆ ಹೋಗುವಾಗ ಅಷ್ಟಿಷ್ಟು ಒರೆಸುತ್ತದೆ, ವಾಪಸ್ ಬರುವಾಗ ನನ್ನ ಕಣ್ಣಿನ ನೇರಕ್ಕೇ ಅಗಲವಾದ ನೀರಿನ ಪಟ್ಟಿ. ಕತ್ತು ಬಗ್ಗಿಸಿಕೊಂಡು ಘಾಟಿ ಇಳಿದೆ. ಗುಂಡ್ಯದಲ್ಲಿ ನಿಲ್ಲಿಸಿ ಅಂಗಡಿಗೆ ಫೋನ್ ಮಾಡಿದೆ. "ಹೊಸದಲ್ವಾ ಸಾರ್, ಎರಡು ದಿನ ಓಡ್ಲಿ, ಗಾಜಿಗೆ ಒಗ್ಗತ್ತೆ." ಒಗ್ಗೋಕೆ ಅದೇನು ಹೊಸ ಚಪ್ಪಲಿಯಾ?

ನೆಲ್ಯಾಡಿಯ ಗ್ಯಾರೇಜಿನವರು ನೋಡಿ ನಕ್ಕರು. "ಕಪ್ಪು ಬರುವುದು ಗ್ರಾಫೈಟ್ ಮಾರಾಯ್ರೆ. ಗಾಜಿನ ಮೇಲೆ ಜಾರ್ಲಿಕ್ಕೆ ಅಂತ ಕಂಪನಿಯವರೇ ಹಚ್ಚುವುದು. ಹೊಸ ಬ್ಲೇಡಿಗೂ ಬರ್ತದೆ." ಅಂದರೆ ನಾನು ಯಾವುದನ್ನು ನೋಡಿ ಹೆದರಿದೆನೋ ಅದೊಂದರಿಂದಲೇ ರಬ್ಬರ್ ಹಾಳಾಗಿದೆ ಅನ್ನೋಕಾಗಲ್ಲ! ಆ ಅಂಗಡಿಯವನ "ಸಿಲಿಕಾನ್" ಬರೀ ಅಗ್ಗದ ರಬ್ಬರ್. ಒಳ್ಳೆಯ ಬ್ಲೇಡಿನ ರಬ್ಬರನ್ನು ಜೋಡಿಯಾಗಿ ಅಚ್ಚು ಹಾಕಿ ನಡುವೆ ಕತ್ತರಿಸುತ್ತಾರಂತೆ, ಅದಕ್ಕೇ ಅಂಚು ಚೂಪು. ಇದರ ಅಂಚು ಗುಂಡಗೆ, ಅಲ್ಲಲ್ಲಿ ಗಂಟು. ಒರೆಸುವಾಗ ಅಂಚು ಒಂದು ಕಡೆ ಬಾಗಬೇಕು, ತಿರುಗುವಾಗ ಮಗುಚಿ ಇನ್ನೊಂದು ಕಡೆ ಬಾಗಬೇಕು. ಇದು ಮಗುಚುವುದೇ ಇಲ್ಲ, ಕಡ್ಡಿಯ ಹಾಗೆ ನಿಂತು ಗಾಜನ್ನು ತಳ್ಳುತ್ತಿತ್ತು. ಅವರು ನನ್ನ ಹಳೇ ಬ್ಲೇಡನ್ನೇ ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕಿಕೊಟ್ಟರು. ಗಾಜು ಫಳಫಳ. ಸವೆದ ಮೇಲೂ ಫ್ರೇಮ್ ಇಟ್ಟುಕೊಂಡು ರಬ್ಬರ್ ಪಟ್ಟಿ ಮಾತ್ರ ಬದಲಾಯಿಸಿದರೆ ಸಾಕಂತೆ. ದುಡ್ಡು ಕೂಡ ತಗೊಳ್ಳಲಿಲ್ಲ. ನನಗೆ ಇನ್ನೂ ಅವಮಾನ.

ಯಾರಾದರೂ ಬೆರಳು ತೋರಿಸಿ ಹೆದರಿಸಿದರೆ, ಮೊದಲು ಗಾಜಿಗೆ ನೀರು ಹೊಡೆದು ವೈಪರ್ ಓಡಿಸಿ ನೋಡಿ. ಗೆರೆ ಬಿಡದಿದ್ದರೆ ಸುಮ್ನೆ ಗಾಡಿ ಹತ್ತಿ ಹೊರಡಿ.

ವಾಪಸ್ ಬರುವಾಗ ಅಂಗಡಿಗೆ ಹೋಗಿ ಬ್ಲೇಡ್ ಮುಂದಿಟ್ಟೆ. ಮೊದಲು "ನಿಮ್ ಗಾಜೇ ಸರಿ ಇಲ್ಲ" ಅಂದ. ಆಮೇಲೆ "ಎಲೆಕ್ಟ್ರಿಕಲ್ ಐಟಂಗೆ ಗ್ಯಾರಂಟಿ ಇಲ್ಲ ಸಾರ್" ಅಂದ. ರಬ್ಬರ್ ಪಟ್ಟಿ ಯಾವಾಗಿನಿಂದ ಎಲೆಕ್ಟ್ರಿಕಲ್ ಆಯಿತೋ! ಕೊನೆಗೆ, "ಬಿಲ್ ಇದ್ಯಾ?"

ಬಿಲ್ ಬೇಕಿದ್ದರೆ ಜಿಎಸ್‌ಟಿ ಸೇರಿಸಬೇಕಾಗತ್ತೆ ಅಂದಿದ್ದಕ್ಕೆ, ಬೇಡ ಅಂದವನು ನಾನೇ.