ಬೆಂಗಳೂರು, ಬಾಸ್ಟನ್, ಹೈಡೆಲ್‌ಬರ್ಗ್: ಮೂರು ಪೋಸ್ಟ್‌ಡಾಕ್ ಮಾಡಿ ನೋಡಿದ್ದು

ಅಮ್ಮ ಫೋನಿನಲ್ಲಿ ಈಗಲೂ ಕೇಳುತ್ತಾರೆ: "ನಿನ್ನ ಓದು ಇನ್ನೂ ಮುಗೀಲಿಲ್ವೇನೇ?" ಪೋಸ್ಟ್‌ಡಾಕ್ ಅಂದರೆ ಓದಲ್ಲಮ್ಮ, ಪಿಎಚ್‌ಡಿ ಆದಮೇಲಿನ ಸಂಬಳದ ಸಂಶೋಧನೆ ಕೆಲಸ ಅಂದರೆ, "ಹಾಗಾದ್ರೆ ಪರ್ಮನೆಂಟಾ?" ಅಲ್ಲಿಗೆ ನನ್ನ ಬಾಯಿ ಬಂದ್. ಕ್ಯಾನ್ಸರ್ ಕೋಶಗಳ ಹಿಂದೆ ಮೂರು ಊರು ಸುತ್ತಿದ ಮೇಲೆ, ಆಫರ್ ಬಂದವರಿಗೆಲ್ಲ ನಾನು ಕೇಳುವ ಮೊದಲ ಪ್ರಶ್ನೆ: ದುಡ್ಡು ಯಾರ ಹೆಸರಲ್ಲಿದೆ?

ಬೆಂಗಳೂರಲ್ಲಿ, 2017ರಲ್ಲಿ, ನನ್ನ ಹೆಸರಲ್ಲೇ ಇತ್ತು. ಕೇಂದ್ರ ಸರ್ಕಾರದ ನ್ಯಾಷನಲ್ ಪೋಸ್ಟ್‌ಡಾಕ್ಟೋರಲ್ ಫೆಲೋಶಿಪ್: ತಿಂಗಳಿಗೆ 55,000 ರೂಪಾಯಿ, ಅವಧಿ 2 ವರ್ಷ. ಪ್ರಾಜೆಕ್ಟ್ ನನ್ನದಾದ್ದರಿಂದ ಗೈಡ್ ತಲೆ ಹಾಕುತ್ತಿರಲಿಲ್ಲ. ಆದರೆ ಪ್ರಯೋಗದ ಖರ್ಚಿಗೆ ವರ್ಷಕ್ಕೆ 2 ಲಕ್ಷ. ಕೋಶದೊಳಗಿನ ಪ್ರೋಟೀನ್ ಪತ್ತೆಹಚ್ಚಲು ನಾನು ತರಿಸುತ್ತಿದ್ದ ಆಂಟಿಬಾಡಿ ಒಂದೊಂದಕ್ಕೂ 40 ಸಾವಿರ. ಐದು ಪುಟ್ಟ ಶೀಶೆಗೆ ವರ್ಷದ ದುಡ್ಡು ಖಾಲಿ. ಒಮ್ಮೆ ಮೂರು ಕೊಟೇಶನ್ ಹಿಡಿದು ಪರ್ಚೇಸ್ ಸೆಕ್ಷನ್ನಿಗೆ ಅಲೆದು ಹತ್ತು ವಾರ ಕಾದೆ. ಕೊನೆಗೆ ಬಂದ ಪೆಟ್ಟಿಗೆಯಲ್ಲಿ, ಮಾಲು ಕೆಡದಂತೆ ತಣ್ಣಗಿಡಬೇಕಿದ್ದ ಡ್ರೈ ಐಸಿನ ಸುಳಿವೇ ಇರಲಿಲ್ಲ.

ಬಾಸ್ಟನ್ನಿನ ಲ್ಯಾಬಿನಲ್ಲಿ ಸೋಮವಾರ ಆರ್ಡರ್ ಮಾಡಿದ್ದು ಮಂಗಳವಾರ ಮೇಜಿನ ಮೇಲೆ. ಆ ಸುಖಕ್ಕೆ ಎಷ್ಟು ಸಲ ಮನಸೋತೆನೋ! ನನ್ನ ಒಳ್ಳೆಯ ಪೇಪರ್ ಆದದ್ದೂ ಅಲ್ಲೇ. ಸಂಬಳ ಹೇಳಿಕೊಳ್ಳುವಂಥದ್ದೇನಲ್ಲ: ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್ಐಎಚ್‌ನ ಪೋಸ್ಟ್‌ಡಾಕ್ ಸಂಬಳ ಪಟ್ಟಿಯ ಮೊದಲ ಮೆಟ್ಟಿಲು 2019ರಲ್ಲಿ ವರ್ಷಕ್ಕೆ 50,004 ಡಾಲರ್, 2024ರಲ್ಲಿ 61,008. ಅರ್ಧದಷ್ಟು ಬಾಡಿಗೆಗೇ ಹೋಗುತ್ತಿತ್ತು. ಅದನ್ನೂ ಸಹಿಸಬಹುದಿತ್ತು, ಆದರೆ ದುಡ್ಡು ಇದ್ದದ್ದು ಬಾಸ್ ಹೆಸರಿನ ಗ್ರಾಂಟಿನಲ್ಲಿ, ಅಂದರೆ ಅವರಿಗೆ ಸಿಕ್ಕ ಸಂಶೋಧನಾ ಅನುದಾನದಲ್ಲಿ. ಪ್ರತಿ ವರ್ಷ ಹೊಸ ಕಾಗದ. ಮೂರನೇ ವರ್ಷ ಗ್ರಾಂಟ್ ನವೀಕರಣ ಆಗಲಿಲ್ಲ, ಏಪ್ರಿಲ್‌ನಲ್ಲಿ ಹೇಳಿದರು, ಜೂನ್‌ಗೆ ಮುಗಿಯಿತು. ಹೊರದೇಶದ ಸಂಶೋಧಕಿಯಾಗಿ ನನಗಿದ್ದ ಜೆ-1 ವೀಸಾ ಆ ಕೆಲಸಕ್ಕೇ ಕಟ್ಟಿದ್ದು. ಕೆಲಸದ ಜೊತೆ ಅದೂ ಹೊರಟಿತು. ಭಾನುವಾರ ಮಧ್ಯರಾತ್ರಿ ಬರುತ್ತಿದ್ದ "ಡೇಟಾ ಎಲ್ಲಿ?" ಮೆಸೇಜುಗಳ ವಿಷಯ ಬಿಡಿ.

ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಸಂಬಳದ ಚೌಕಾಸಿಯೇ ಇಲ್ಲ. ಟಿವಿ-ಎಲ್ ಇ13 ಅನ್ನುವ ಸರ್ಕಾರಿ ಸಂಬಳ ದರ್ಜೆ, ಅದರೊಳಗೆ ಅನುಭವ ನೋಡಿ ಮೆಟ್ಟಿಲು. ತೆರಿಗೆ, ವಿಮೆ, ಪಿಂಚಣಿ ಅಂತ ಸುಮಾರು ಮೂರನೇ ಒಂದು ಭಾಗ ಕಡಿದುಕೊಂಡರೂ ವರ್ಷಕ್ಕೆ 30 ದಿನ ರಜೆ, ನವೆಂಬರಿನಲ್ಲಿ ಬೋನಸ್. ಇಲ್ಲಿ ಫೆಲೋಶಿಪ್ಪೂ ಸಿಗುತ್ತದೆ, ಕೇಳಲು ಗತ್ತು. ಆದರೆ ಅದರಿಂದ ಪಿಂಚಣಿ ಖಾತೆಗೆ ಏನೂ ಬೀಳುವುದಿಲ್ಲ. ಹಾಗಾಗಿ ಕಾಂಟ್ರಾಕ್ಟನ್ನೇ ಆರಿಸಿಕೊಂಡೆ. ಕಾರಣ ಸರಳ: ನಾನಾಗ ಐದು ತಿಂಗಳ ಬಸುರಿ.

ಇಲ್ಲಿಯ ಕೊಕ್ಕೆ ಕಾನೂನಿನಲ್ಲಿದೆ. ಪಿಎಚ್‌ಡಿ ನಂತರ ಇಂಥ ತಾತ್ಕಾಲಿಕ ಕಾಂಟ್ರಾಕ್ಟಿಗೆ ಒಟ್ಟು 6 ವರ್ಷದ ಮಿತಿ, ವೈದ್ಯಕೀಯದಲ್ಲಿ 9. ಆಮೇಲೆ ಪ್ರೊಫೆಸರ್‌ನಂಥ ಖಾಯಂ ಹುದ್ದೆ ಸಿಗಬೇಕು, ಇಲ್ಲವೇ ಹೊರಗಿನ ಪ್ರಾಜೆಕ್ಟ್ ದುಡ್ಡು ಹುಡುಕಬೇಕು.

ಮಕ್ಕಳಿಲ್ಲದ ಮೂವತ್ತರೊಳಗಿನವರು ಕೇಳಿದರೆ ಬಾಸ್ಟನ್ ಅನ್ನುತ್ತೇನೆ, ಗ್ರಾಂಟ್ ಇನ್ನೆಷ್ಟು ವರ್ಷ ಉಳಿದಿದೆ ಅಂತ ಮೊದಲೇ ಬಾಯಿಬಿಟ್ಟು ಕೇಳಿಕೊಂಡು. ಊರಲ್ಲೇ ಅಧ್ಯಾಪಕಿ ಆಗಬೇಕೆನ್ನುವವರಿಗೆ ಬೆಂಗಳೂರು, ಆದರೆ ಆಂಟಿಬಾಡಿ ತುಂಬಿದ ಫ್ರೀಜರ್ ಇರುವ ಗೈಡ್ ಹತ್ತಿರ ಮಾತ್ರ. ನಾನಂತೂ ಸದ್ಯ ಇಲ್ಲೇ. ಮಗು ಹುಟ್ಟಿದ್ದಕ್ಕೆ ಮಿತಿಯನ್ನು 2 ವರ್ಷ ಮುಂದೂಡಲು ಕಾನೂನಿನಲ್ಲಿ ಅವಕಾಶವಿದೆ. ಮಗಳು ತೊಟ್ಟಿಲಲ್ಲಿದ್ದಾಗಲೇ ಅಮ್ಮನಿಗೆ ಗ್ರಾಂಟ್ ತಂದುಕೊಟ್ಟಳು ಅಂತ ಮನೆಯವರು ತಮಾಷೆ ಮಾಡುತ್ತಾರೆ.